ಮೂಡಲ ಗೋಡೆಯ ಗೌಳಿ

ಮದ್ದೂರಿನ ನಾಲೆ ಕಚೇರಿಯ ಗುಮಾಸ್ತ ಚಿಕ್ಕಬೋರಯ್ಯನಿಗೆ ಮೂವತ್ತು ತುಂಬಿದರೂ ಮದುವೆಯಾಗದೆ ಉಳಿದದ್ದಕ್ಕೆ ಕಾರಣ ಅವನ ಮನೆಯ ತೆಂಕಲ ಗೋಡೆಯಲ್ಲಿದ್ದ ಒಂದು ಹಲ್ಲಿ.

ಹಲ್ಲಿ ಎಂದು ಅವನ ತಾಯಿ ಪುಟ್ಟಮಾದಮ್ಮನ ಎದುರಿಗೆ ಅನ್ನುವಂತಿಲ್ಲ. ಗೌಳಿ ಅನ್ನಬೇಕು. ಹೆಣ್ಣಿನ ಕಡೆಯವರು ಮನೆ ನೋಡಲು ಬಂದು, ಚಾಪೆಯ ಮೇಲೆ ಕೂತು, ಮಾತು ತೆಗೆದಾಗ ಗೌಳಿ ಮೂಡಲಿಂದ ಲೊಚಗುಟ್ಟಬೇಕು. ಆಗ ಪುಟ್ಟಮಾದಮ್ಮ ನೆಲಕ್ಕೆ ಬೆರಳು ಕುಟ್ಟಿ "ಕೃಷ್ಣ ಕೃಷ್ಣ" ಅನ್ನುವಳು, ಮದುವೆ ಗಟ್ಟಿ. ತೆಂಕಲಿಂದ ನುಡಿದರೆ ಅದು ಯಮನ ದಿಕ್ಕು, ಬಂದವರಿಗೆ ಮಜ್ಜಿಗೆ ಕೊಟ್ಟು ಕಳಿಸುವಳು. ಗೌಳಿಗೋ ತೆಂಕಲ ಗೋಡೆ ಬಿಟ್ಟರೆ ಬೇರೆ ಊರಿಲ್ಲ. ಹೀಗೆ ಯಲಿಯೂರಿನ ಹೆಣ್ಣು ಹೋಯಿತು, ಮಂಡ್ಯದ ಹೆಣ್ಣು ಹೋಯಿತು. ಮೂರನೆಯ ಸಲ ಗೌಳಿ ಬಾಯೇ ಬಿಡಲಿಲ್ಲ. "ಅದ್ಕೆ ಮನಸಿಲ್ಲ ಕಣೋ" ಎಂದು ತಾಯಿ ಆ ಸಂಬಂಧವನ್ನೂ ಬಿಟ್ಟಳು.

ನಾಲ್ಕನೆಯದು ಮಳವಳ್ಳಿ ಕಡೆಯ ದೊಡ್ಡಬೀರಯ್ಯನ ಮಗಳು ಜಯಲಕ್ಷ್ಮಿ. ಹೆಣ್ಣು ನೋಡಲು ಹೋದ ದಿನ ಬೋರಯ್ಯ ಬಗ್ಗಿ ನಮಸ್ಕಾರ ಮಾಡುವಾಗ ಅವನ ಟೋಪಿ ಮಜ್ಜಿಗೆಯ ಪಾತ್ರೆಗೆ ಬಿದ್ದಿತ್ತು. ಹುಡುಗಿ ಅದನ್ನೆತ್ತಿ, ಹಿಂಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗು ತಡೆಯುತ್ತ ಕೈಗೆ ಕೊಟ್ಟಿದ್ದಳು. ಆ ತಡೆದ ನಗು ಇಪ್ಪತ್ತು ದಿನದಿಂದ ಅವನಿಗೆ ಅನ್ನ ಸೇರಗೊಟ್ಟಿರಲಿಲ್ಲ. ಈ ಹುಡುಗಿ ತಪ್ಪಿದರೆ ತಾನು ಬದುಕಿದ್ದೂ ಸತ್ತಂತೆ ಎಂದು ಅವನು ನಿಜವಾಗಿಯೇ ನಂಬಿದ್ದ.

ಭಾನುವಾರ ಮೂರು ಗಂಟೆಯ ಬಸ್ಸಿಗೆ ದೊಡ್ಡಬೀರಯ್ಯ ಮನೆ ನೋಡಲು ಬರುವವನಿದ್ದ. ಬೆಳಿಗ್ಗೆ ಎದ್ದವನೇ ಬೋರಯ್ಯ ಎದುರುಮನೆಯ ಕೋಣೆಯಲ್ಲಿ ಬಾಡಿಗೆಗಿದ್ದ ರೇವಣ್ಣನ ಬಾಗಿಲು ಬಡಿದ. ರೇವಣ್ಣ ಅದೇ ಕಚೇರಿಯವನು, ಬೆಸಗರಹಳ್ಳಿಯವನು, ಇನ್ನೂ ಮದುವೆಯಾಗದವನು, ಎಲ್ಲರ ಕಷ್ಟಕ್ಕೂ ಒಂದು ಉಪಾಯ ಇಟ್ಟುಕೊಂಡವನು.

"ಅಷ್ಟೇನೇನ್ಲಾ?" ಎಂದ ರೇವಣ್ಣ ಆಕಳಿಸುತ್ತ. "ಗೌಳಿ ತೆಂಕ್ಲಲ್ಲಿದ್ರೆ ಮೂಡ್ಲಿಗೆ ಸಾಗ್ಸು. ಒಂದು ಪೆಟ್ಗೆ ಮಾಡಿ ಒಳೀಕೆ ಬುಟ್ಟು, ಮೂಡ್ಲು ಗ್ವಾಡೆಗೆ ನೇತಾಕು. ಒಟ್ಟೆ ಅಸ್ದಿರೋ ಗೌಳಿ ಮುಂದಕ್ಕೆ ನಾಕು ಉಳ ಬುಟ್ರೆ ತಾನೇ ಲೊಚಗುಟ್ತದೆ."

"ಅವ್ವಂಗೆ ಗೊತ್ತಾದ್ರೆ? ಗೌಳಿ ಕೂಡಾಕಿದ್ರೆ ಪಾಪ ಅಂತಾಳೆ ಕಣ್ಲಾ!"

"ಗೊತ್ತಾಗ್ದಂಗೆ ಮಾಡು."

ಪುಟ್ಟಮಾದಮ್ಮ ಬಟ್ಟೆಗಂಟು ಹೊತ್ತು ಶಿಂಷಾ ಹೊಳೆಗೆ ಹೋದದ್ದೇ ತಡ, ಇಬ್ಬರೂ ಕೆಲಸಕ್ಕೆ ಇಳಿದರು. ಸೀಮೆಎಣ್ಣೆ ಡಬ್ಬ ತುಂಬಿ ಬರುವ ಹಲಗೆಪೆಟ್ಟಿಗೆಯೊಂದು ರೇವಣ್ಣನ ಹತ್ತಿರ ಇತ್ತು. ಅದನ್ನು ಕೊಯ್ದು ಗೂಡಿನಷ್ಟು ಚಿಕ್ಕದು ಮಾಡಿದರು. ಗಾಳಿ ಆಡಬೇಕು, ದನಿ ಹೊರಗೆ ಬರಬೇಕು, ಗೌಳಿ ಮಾತ್ರ ಬರಬಾರದು. ಮುಂದುಗಡೆಗೆ ಏನು ಹಾಕುವುದು? ಅಡಿಗೆಮನೆಯಲ್ಲಿ ರಾಗಿ ಹಿಟ್ಟು ಜಾಲಿಸುವ ವಂದರಿ ನೇತಾಡುತ್ತಿತ್ತು. ಬೋರಯ್ಯ ಕಣ್ಣು ಮುಚ್ಚಿಕೊಂಡ, ರೇವಣ್ಣ ಅದರ ಬಲೆ ಕಿತ್ತ. ಮೊಳೆ ಸಾಲದೆ ಒಂದು ಮೂಲೆಗೆ ಬರೀ ದಾರ ಕಟ್ಟಿದರು.

ಹಿಡಿಯುವುದು ಬೇರೆ ಮಾತು. ಬೋರಯ್ಯ ಮೊರ ಹಿಡಿದು ಏಣಿ ಹತ್ತಿದ. ಗೌಳಿ ಗೋಡೆಗೆ ಅಂಟಿಕೊಂಡು ಅವನನ್ನೇ ನೋಡಿತು. ಮೊರ ಬೀಸಿದ. ಅದು ತೊಲೆಯ ಹಿಂದೆ ಹೋಯಿತು. ರೇವಣ್ಣ ಪೊರಕೆಯಿಂದ ತಿವಿದ. ಅದು ಬೋರಯ್ಯನ ಅಂಗಿಯೊಳಗೆ ಇಳಿಯಿತು. ಬೋರಯ್ಯ ಏಣಿಯ ಮೇಲೆಯೇ ಕುಣಿದ, ಏಣಿ ಅವನೊಡನೆ ಕುಣಿಯಿತು, ಇಬ್ಬರೂ ನೆಲಕ್ಕೆ ಬಂದರು. ಅಂಗಿ ಬಿಚ್ಚಿ ಗೌಳಿಯನ್ನು ಪೆಟ್ಟಿಗೆಗೆ ಕೊಡವಿ ಮುಚ್ಚುವಾಗ ಅದರ ಬಾಲ ಮಾತ್ರ ಹೊರಗೆ ಉಳಿದು ನೆಲದ ಮೇಲೆ ತುಡಿದಾಡತೊಡಗಿತು.

"ಅಯ್ಯಯ್ಯೋ, ಗೌಳಿ ಕೊಲ್ತಾವ್ರಲ್ಲಪ್ಪೋ!"

ಕಿಟಕಿಯಲ್ಲಿ ಪಕ್ಕದ ಮನೆಯ ಪಟ್ಟಲಮ್ಮನ ಮುಖ. ಈ ಬೀದಿಯಲ್ಲಿ ಒಂದು ಸುದ್ದಿ ಅವಳ ಕಿವಿಗೆ ಬಿದ್ದರೆ ಡಂಗುರದವನಿಗೆ ಕೆಲಸ ಇಲ್ಲ.

"ಅಕ್ಕ, ನಿಮ್ಮ ದಮ್ಮಯ್ಯ, ಅವ್ವಂಗೆ ಏಳ್ಬೇಡಿ!" ಬೋರಯ್ಯ ಬರಿಮೈಯಲ್ಲೇ ಕೈಮುಗಿದ.

"ನಾನ್ಯಾಕಪ್ಪ ಏಳ್ಲಿ? ನಂಗೇನ್ ಚಾಡಿ ಏಳೋ ಚಾಳಿ ಐತಾ?" ಎಂದಳು ಪಟ್ಟಲಮ್ಮ. "ಆದ್ರೆ ಮನೇಲಿ ದೀಪಕ್ಕೆ ಸೀಮೆಎಣ್ಣೆ ಮುಗ್ದೋಗದೆ. ಈ ಯುದ್ದ ಯಾವಾಗ ಮುಗೀತದೋ ಏನೋ."

ಬೋರಯ್ಯ ವಾರದ ಸೀಮೆಎಣ್ಣೆಯ ಬಾಟಲಿಯನ್ನು ಕಿಟಕಿಯಿಂದ ದಾಟಿಸಿದ.

ಪೆಟ್ಟಿಗೆ ಮೂಡಲ ಗೋಡೆಗೇರಿತು. ಅದರ ಮುಂದೆ ದೇವರ ಪಟದ ಕ್ಯಾಲೆಂಡರ್ ಇಳಿಬಿಟ್ಟರು. ಹೊಳೆಯಿಂದ ಬಂದ ತಾಯಿಗೆ ಕ್ಯಾಲೆಂಡರ್ ಜಾಗ ಬದಲಾದದ್ದು ಕಾಣಲಿಲ್ಲ.

"ಬೋರ, ವಂದ್ರಿ ಎಲ್ಲೋ? ಇಟ್ಟು ಜಾಲಿಸ್ಬೇಕು."

"ಇವತ್ತು ಯಾಕವ್ವ ಇಟ್ಟು? ಬೀಗ್ರು ಬತ್ತಾವ್ರೆ, ಅನ್ನ ಮಾಡವ್ವ."

"ಅಕ್ಕಿ ಎಲ್ಲಿಂದ ತರ್ಲೋ, ನಿಮ್ಮಪ್ಪ ರೇಶನ್ ಅಂಗ್ಡಿ ಇಟ್ಟಿದ್ನಾ?" ಎಂದು ಗೊಣಗುತ್ತ ಅವಳು ಒಳಗೆ ಹೋದಳು.

ಬೋರಯ್ಯನ ಧೈರ್ಯವೆಲ್ಲ ಬಸ್ಸಿನ ಮೇಲಿತ್ತು. ಪೆಟ್ರೋಲು ಸಿಗದ ಕಾಲ, ಮಳವಳ್ಳಿ ಬಸ್ಸು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿತ್ತು. ಏರು ಬಂದಲ್ಲೆಲ್ಲ ಜನ ಇಳಿದು ತಳ್ಳಬೇಕು. ಮೂರರ ಬಸ್ಸು ಐದಕ್ಕೆ ಮುಂಚೆ ಬಂದದ್ದಿಲ್ಲ. ಅಷ್ಟರಲ್ಲಿ ಪೆಟ್ಟಿಗೆಯ ಸಡಿಲ ಮೂಲೆಗೆ ಮೊಳೆ ಹೊಡೆದು, ಹುಳ ಹಿಡಿದು ತಂದು ಬಿಟ್ಟರಾಯಿತು. ರೇವಣ್ಣ ಹುಳ ಹಿಡಿಯಲು ಹಿತ್ತಲಿಗೆ ಹೋದ, ಬೋರಯ್ಯ ಮೊಳೆ ತರಲು ಪೇಟೆಗೆ ಹೊರಟ.

ಆ ದಿನ ಬಸ್ಸು ಮೂರಕ್ಕೆ ಐದು ನಿಮಿಷ ಇರುವಾಗಲೇ ಬಂತು. ಬೋರಯ್ಯ ಬೀದಿಯ ತುದಿಯಲ್ಲಿ ದೊಡ್ಡಬೀರಯ್ಯನ ರುಮಾಲು ಕಂಡು, ಮೊಳೆ ಮರೆತು, ಹಿತ್ತಲ ದಾರಿಯಿಂದ ಓಡಿಬಂದ. ರೇವಣ್ಣ ಒಂದು ಹಿಡಿ ಹುಳವನ್ನು ಕ್ಯಾಲೆಂಡರ್ ಹಿಂದೆ ಸುರಿದು ದೂರ ನಿಂತ. ಪಟ್ಟಲಮ್ಮನೂ ಕರೆಯದೆ ಬಂದು ಕಂಬಕ್ಕೆ ಒರಗಿ ಕೂತಳು.

ದೊಡ್ಡಬೀರಯ್ಯ ಭಾರಿ ಆಳು, ಮೀಸೆಯೂ ಹಾಗೆಯೇ. ಎಲ್ಲ ಗೋಡೆ ಬಿಟ್ಟು ಮೂಡಲ ಗೋಡೆಗೆ, ಸರಿಯಾಗಿ ಕ್ಯಾಲೆಂಡರಿನ ಕೆಳಗೆ ಬೆನ್ನು ಕೊಟ್ಟು ಕೂತ.

"ಮಾವ, ಈ ಕಡೆ ಗಾಳಿ ಬತ್ತದೆ, ಇತ್ತ ಬನ್ನಿ" ಎಂದ ಬೋರಯ್ಯ.

"ಇಲ್ಲೇ ತಂಪಾಗದೆ ಕಣಪ್ಪ." ದೊಡ್ಡಬೀರಯ್ಯ ರುಮಾಲು ತೆಗೆದು ಪಕ್ಕಕ್ಕಿಟ್ಟ. "ನೋಡಮ್ಮ ಪುಟ್ಟಮಾದಮ್ಮ, ಮನೆ ಪಸಂದಾಗದೆ. ಉಡುಗ ಟೋಪಿ ಉಸಾರಾಗಿ ಇಟ್ಕೊಂಡ್ರೆ ಸಾಕು. ನನ್ನ ಮಗ್ಳೂ ಒಪ್ಪವ್ಳೆ. ಇನ್ನು ಈ ಸಂಬಂದ..."

ಬೋರಯ್ಯ ಕ್ಯಾಲೆಂಡರಿನ ಕಡೆ ನೋಡಿದ. ಮಗಳೂ ಒಪ್ಪಿದ್ದಾಳೆ! ಪುಟ್ಟಮಾದಮ್ಮ ಕುಟ್ಟಲು ಬೆರಳು ಮಡಿಸಿಕೊಂಡು ಕಿವಿ ನಿಮಿರಿಸಿದಳು. ಕ್ಯಾಲೆಂಡರ್ ಅಲುಗಿತು. ವಂದರಿಯ ಸಡಿಲ ಮೂಲೆಯಿಂದ ಬಾಲವಿಲ್ಲದ ಗೌಳಿ ಹೊರಬಂದು, ಹಾರಿದ ಹುಳಕ್ಕೆ ಬಾಯಿ ಹಾಕಿ, ಹಿಡಿತ ತಪ್ಪಿ, ದೊಡ್ಡಬೀರಯ್ಯನ ಬೋಳು ನೆತ್ತಿಯ ಮೇಲೆ ಪಟ್ಟನೆ ಬಿತ್ತು. ಅಲ್ಲಿಂದ ಅವನ ಹೆಗಲಿಗೆ, ಹೆಗಲಿಂದ ಗೋಡೆಗೆ ಹತ್ತಿ ಮತ್ತೆ ಕ್ಯಾಲೆಂಡರಿನ ಹಿಂದೆ ಸೇರಿಕೊಂಡಿತು.

"ಸಿವಸಿವಾ!" ಪಟ್ಟಲಮ್ಮ ಎದ್ದು ನಿಂತಳು. "ನೆತ್ತಿ ಮೇಲೆ ಗೌಳಿ ಬಿದ್ರೆ ಪ್ರಾಣಕ್ಕೇ ಸಂಚಕಾರ ಕಣಮ್ಮ! ನಮ್ಮ ಮಾವ ಇಂಗೇ ಓದ್ರು!"

ದೊಡ್ಡಬೀರಯ್ಯನ ಮುಖ ಬೂದಿಯಾಯಿತು. ಅಷ್ಟು ದೊಡ್ಡ ಮೀಸೆ ನಡುಗುವುದನ್ನು ಬೋರಯ್ಯ ಅದುವರೆಗೆ ಕಂಡಿರಲಿಲ್ಲ. "ಮನೆ ನೋಡಾಕೆ ಬಂದೋನ ತಲೆ ಮೇಲೆ ಗೌಳಿ! ನಾನು ಊರಿಗೆ ಒಂಟೆ ಕಣಮ್ಮ" ಎಂದು ರುಮಾಲಿಗೆ ಕೈ ಹಾಕಿದ.

"ಕಂಚೀಲಿ ಚಿನ್ನದ ಗೌಳಿ ಮುಟ್ಟಿ ಬಂದೋರ ಕೈ ಮುಟ್ಟಿದ್ರೆ ದೋಸ ಕಳೀತದೆ" ಎಂದಳು ಪುಟ್ಟಮಾದಮ್ಮ ಅಳುದನಿಯಲ್ಲಿ. "ಆದ್ರೆ ಮದ್ದೂರಲ್ಲಿ ಕಂಚಿಗೆ ಓಗಿ ಬಂದೋರು ಯಾರವ್ರಪ್ಪ?"

ಬೋರಯ್ಯನ ಕಣ್ಣಮುಂದೆ ಜಯಲಕ್ಷ್ಮಿ ಟೋಪಿ ಹಿಂಡುತ್ತ ದೂರ ದೂರ ಹೋಗುತ್ತಿದ್ದಳು. ಬಾಯಿಗೆ ಬಂದದ್ದನ್ನು ಅಂದುಬಿಟ್ಟ:

"ನಮ್ಮ ರೇವಣ್ಣ! ಓದ್ವರ್ಸ ರಜ ಆಕಿ ಕಂಚಿಗೆ ಓಗಿ, ಎರಡು ಕೈಲೂ ಮುಟ್ಟಿ ಬಂದವ್ನೆ ಮಾವ. ದೇವ್ರಂತಾ ಮನ್ಸ!"

ರೇವಣ್ಣ ಬೆಚ್ಚಿ ಅವನ ಮುಖ ನೋಡಿದ. ಹೋದ ವರ್ಷ ಆ ಹದಿನೈದು ದಿನದ ರಜದಲ್ಲಿ ಅವನು ಕೈತುಂಬ ಕಜ್ಜಿ ಹತ್ತಿಸಿಕೊಂಡು, ಬೇವಿನ ಸೊಪ್ಪು ಅರೆದು ಬಳಿದುಕೊಂಡು ಬೆಸಗರಹಳ್ಳಿಯ ಜಗಲಿಯಲ್ಲಿ ಮಲಗಿದ್ದ. ಬೋರಯ್ಯ ಕಣ್ಣಲ್ಲೇ ಕಾಲು ಹಿಡಿದ. ರೇವಣ್ಣ ಗಂಟಲು ಸರಿಮಾಡಿಕೊಂಡು, "ಏನೋ, ಅವನ ದಯೆ" ಎಂದು ಎರಡು ಕೈಯನ್ನೂ ಮುಂದೆ ಚಾಚಿದ.

ದೊಡ್ಡಬೀರಯ್ಯ ಆ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡ, ನೆತ್ತಿಗೆ ಇಟ್ಟುಕೊಂಡ. ಮುಖಕ್ಕೆ ರಕ್ತ ಮರಳಿತು. ಬೋರಯ್ಯನಿಗೆ ಹೋದ ಜೀವ ಬಂದಂತಾಯಿತು.

"ಯಾವೂರಪ್ಪ ನೀನು?"

"ಬೆಸಗರಹಳ್ಳಿ. ಮರಿಸಿದ್ದಯ್ಯನ ಮಗ."

"ಅಂಗಾದ್ರೆ ನಮ್ಮ ಬಳಗದೋನೇ. ಮದ್ವೆ ಆಗದಾ?"

"ಇಲ್ಲ."

ಬೋರಯ್ಯ ಮಾತು ಬದಲಿಸಲು ಇಬ್ಬರ ನಡುವೆ ಬಂದ. ಅಷ್ಟರಲ್ಲಿ ಗಾಳಿಗೆ ಕ್ಯಾಲೆಂಡರ್ ತಿರುಗಿ ಪೆಟ್ಟಿಗೆ ಕಂಡಿತು.

"ಇದೇನ್ಲಾ ಇದು?" ಪುಟ್ಟಮಾದಮ್ಮ ಸೊಂಟಕ್ಕೆ ಕೈಯಿಟ್ಟಳು. "ಯಾರು ಮಾಡಿದ್ದು?"

ಬೋರಯ್ಯ ರೇವಣ್ಣನ ಕಡೆ ನೋಡಿದ. ನಾನು ಎಂದರೆ ಗೌಳಿ ಕೂಡಿಹಾಕಿದ ಪಾಪ, ಕಿತ್ತ ವಂದರಿ, ಕೊಟ್ಟ ಸೀಮೆಎಣ್ಣೆ ಎಲ್ಲ ಒಟ್ಟಿಗೆ ಬೆನ್ನ ಮೇಲೆ ಬೀಳುತ್ತಿದ್ದವು.

"ನಾನು ಕಣವ್ವ" ಎಂದ ರೇವಣ್ಣ, ಈಗಾಗಲೇ ಕಂಚಿಗೆ ಹೋಗಿ ಬಂದವನ ಶಾಂತ ದನಿಯಲ್ಲಿ. "ಗೌಳಿಗೂ ಒಂದು ಗುಡಿ ಇರ್ಲಿ ಅಂತ."

"ನೋಡಿದ್ರಾ, ಎಂತಾ ಭಕ್ತಿ!" ದೊಡ್ಡಬೀರಯ್ಯ ಕರಗಿಹೋದ. "ಅಮ್ಮ, ಬೇಜಾರು ಮಾಡ್ಕೋಬ್ಯಾಡ. ನನ್ನ ತಲೆ ಮೇಲೆ ಗೌಳಿ ಕೆಡವಿದ ಮನೆಗೆ ಎಣ್ಣು ಕೊಡಾಕೆ ನಂಗೆ ಧೈರ್ಯ ಇಲ್ಲ. ಪ್ರಾಣ ಉಳ್ಸಿದೋನು ಇಲ್ಲೇ ನಿಂತವ್ನೆ. ನನ್ನ ಮಗ್ಳನ್ನ ಇವ್ನಿಗೇ ಕೊಟ್ಟೆ."

ಲೊಚ್ ಲೊಚ್ ಲೊಚ್.

ಮೂಡಲ ಗೋಡೆಯಿಂದ, ಸ್ಪಷ್ಟವಾಗಿ, ಮೂರು ಸಲ.

ಪುಟ್ಟಮಾದಮ್ಮ ಅಲ್ಲೇ ಕುಕ್ಕರಿಸಿ ನೆಲಕ್ಕೆ ಬೆರಳು ಕುಟ್ಟಿದಳು. "ಕೃಷ್ಣ ಕೃಷ್ಣ! ಗೌಳಿ ನುಡಿದ್ಮೇಲೆ ಮುಗೀತು. ಅದ್ರ ಮುಂದೆ ನಮ್ಮದೇನದೆ?"

"ಅವ್ವ, ಅವ್ನು ಕಂಚಿಗೆ..." ಎಂದು ಬೋರಯ್ಯ ಬಾಯಿ ತೆರೆದ. ದೊಡ್ಡಬೀರಯ್ಯ ನಿಶ್ಚಿಂತೆಯಿಂದ ನೆತ್ತಿ ಸವರಿಕೊಳ್ಳುತ್ತಿದ್ದ. ಈಗ ನಿಜ ಹೇಳಿದರೆ ಆ ಮನುಷ್ಯ ಭಯಕ್ಕೇ ಪ್ರಾಣ ಬಿಟ್ಟಾನು. ಬೋರಯ್ಯ ಬಾಯಿ ಮುಚ್ಚಿದ. ಅವನಿಗೆ ಅಳು ಬಂದಿತ್ತು.

ಸಂಜೆ ರೇವಣ್ಣ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟ. ಶುಭ ನುಡಿದ ಗೌಳಿ ಮದುಮಗನ ಮನೆಯಲ್ಲೇ ಇರಲಿ ಎಂದು ಪುಟ್ಟಮಾದಮ್ಮನೇ ಅರಿಸಿನ ಕುಂಕುಮವಿಟ್ಟು ಕಳಿಸಿದಳು.

"ನಾನೇನ್ಲಾ ಮಾಡ್ಲಿ?" ಎಂದ ರೇವಣ್ಣ ಬಾಗಿಲಲ್ಲಿ, ತಲೆ ತಗ್ಗಿಸಿ. "ಕಂಚಿಗೆ ಕಳ್ಸಿದೋನು ನೀನೇ."

ದೀಪ ಹಚ್ಚುವ ಹೊತ್ತಾಯಿತು, ಹಚ್ಚಲು ಎಣ್ಣೆ ಇರಲಿಲ್ಲ. ನೆಲದ ಮೇಲೆ ಗೌಳಿಯ ಬಾಲವನ್ನು ಇರುವೆಗಳು ಎಳೆಯುತ್ತಿದ್ದವು. ಬೋರಯ್ಯ ಅದನ್ನು ನೋಡುತ್ತ ಕೂತಿದ್ದ. ಒಂದೇ ಸಮಾಧಾನ. ಹುಡುಗಿ ಹೋದಳು, ಗೆಳೆಯ ಹೋದ, ಆ ಹಾಳು ಗೌಳಿಯೂ ಹೋಯಿತು. ಇನ್ನು ಮೇಲೆ ಯಾವ ಹೆಣ್ಣಿಗೂ ಅಡ್ಡ ಬರುವವರಿಲ್ಲ.

ತಾಯಿ ಬಂದು ಪಕ್ಕದಲ್ಲಿ ಕೂತು ತಲೆ ಸವರಿದಳು. "ಓಗ್ಲಿ ಬುಡು ಮಗ. ಶಿವನಸಮುದ್ರದಾಗೆ ಇನ್ನೊಂದು ಒಳ್ಳೆ ಎಣ್ಣದೆ ಅಂತೆ. ನಾಳಿಕ್ಕೇ ಏಳಿ ಕಳಿಸ್ತೀನಿ..."

ಲೊಚ್ ಲೊಚ್.

ಇಬ್ಬರೂ ತಲೆಯೆತ್ತಿದರು. ತೆಂಕಲ ಗೋಡೆಯ ಮೇಲೆ, ತನ್ನ ಹಳೆಯ ಜಾಗದಲ್ಲಿ, ಬಾಲವಿಲ್ಲದ ಗೌಳಿ ಕೂತಿತ್ತು.

"ಅಯ್ಯೋ, ತೆಂಕ್ಲಿಂದ ನುಡೀತಲ್ಲೋ ಬೋರ" ಎಂದಳು ಪುಟ್ಟಮಾದಮ್ಮ. "ಆ ಎಣ್ಣೂ ಬ್ಯಾಡ ಬುಡು."