ಟೆಂಟಿನಲ್ಲಿ ಗೊಂಬೆ ಪಿಚ್ಚರು

ಟೆಂಟ್ ಸಿನಿಮಾದಲ್ಲಿ ರೀಲು ಓಡಿಸುವವನು ತಮಾಷೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಸಂಜೆಯಾದರೆ ಅದೇ ಟಿಕೆಟ್ ತಗೊಂಡು ಒಳಗೆ ಬರುತ್ತದೆ. ಐವತ್ತರ ದಶಕದಲ್ಲಿ ನಾನು ಚಾಮರಾಜನಗರ, ಗುಂಡ್ಲುಪೇಟೆ, ಬೇಗೂರು ಅಂತ ಟೆಂಟಿನ ಹಿಂದೆ ತಿರುಗಿದವನು. ಒಂದೂರಲ್ಲಿ ಕೆಲವು ತಿಂಗಳು, ಆಮೇಲೆ ಗೂಟ ಕಿತ್ತು ಇನ್ನೊಂದೂರು. ಬೂತ್ ಅನ್ನುವುದು ಒಂದು ತಗಡಿನ ಡಬ್ಬಿ. ಅದರೊಳಗೆ ಪ್ರೊಜೆಕ್ಟರಿನ ಕಾವು, ಅದರ ದೀಪಕ್ಕೆ ಉರಿಸುವ ಕಾರ್ಬನ್ ಕಡ್ಡಿಯ ಹೊಗೆ, ಮತ್ತು ನಾನು. ದೊಡ್ಡ ಚಿತ್ರಕ್ಕೆ ಮುಂಚೆ ನಮ್ಮ ಮಾಲೀಕರು ಒಂದು ಕಾರ್ಟೂನ್ ರೀಲು ಹಾಕಿಸುತ್ತಿದ್ದರು. ಬರೆದ ಪ್ರಾಣಿಗಳು ಓಡುವುದು, ಬೀಳುವುದು, ಮತ್ತೆ ಏಳುವುದು. ಜನ ಅದನ್ನು ಗೊಂಬೆ ಪಿಚ್ಚರು ಅನ್ನುತ್ತಿದ್ದರು. ಅವರು ನಗುತ್ತಿದ್ದರು, ನಾನು ಕಾರ್ಬನ್ ಕಡ್ಡಿ ನೋಡಿಕೊಳ್ಳುತ್ತಿದ್ದೆ.

ನೋಡಬೌದಾ?

ಊರಿನಲ್ಲಿ ಯಾರೇ ಎದುರು ಸಿಕ್ಕಲಿ, ಕೇಳುವುದು ಒಂದೇ ಮಾತು. "ಈ ಪಿಚ್ಚರ್ ನೋಡಬೌದಾ?" ಕ್ಷೌರದವನು ಕತ್ತಿಯನ್ನು ಗಂಟಲ ಮೇಲಿಟ್ಟು ಕೇಳಿದ. ಜ್ವರ ಅಂತ ಹೋದರೆ ಡಾಕ್ಟರು ಮೊದಲು ಅದನ್ನು ಕೇಳಿ, ನಾಡಿ ಆಮೇಲೆ ಹಿಡಿದರು. ನಾನು ಬೂತಿನ ತೂತಿನಿಂದ ನೋಡುತ್ತಿದ್ದದ್ದು ಬೆಳಕು ಸರಿಯಾಗಿ ಬೀಳುತ್ತಿದೆಯಾ ಅಂತ. ಕಥೆ ಯಾರಿಗೆ ಬೇಕು.

ಬೇಗೂರಿನಲ್ಲಿ ಒಂದು ಸಂಜೆ ಒಬ್ಬ ರೈತ ಹೆಂಡತಿಯನ್ನು ಕರಕೊಂಡು ಬಂದು ಗೇಟಿನ ಹತ್ತಿರ ನಿಂತಿದ್ದ. ಒಳಗೆ ಹೋಗುವುದೋ ಬೇಡವೋ ಅನ್ನುವ ಯೋಚನೆ. ನನ್ನನ್ನು ಕಂಡು ಕೇಳಿದ.

"ಸ್ವಾಮಿ, ಪಿಚ್ಚರ್ ನಗುಸ್ತದಾ?"

"ಬಹಳ ನಗಿಸುತ್ತದೆ," ಅಂದೆ.

"ನೀವು ನೋಡುದ್ರಾ?"

"ದಿನಾ ನೋಡ್ತೀನಿ."

ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಹೇಳಿದ: "ನಡಿಯಮ್ಮಿ ಮನೆಗ್ ಓಗನ. ದಿನಾ ನೋಡಿ ಇವರ ಮಕ ಹಿಂಗಾಗೋಗದೆ."

ಆನೆ ಓಡಿಸಿದವರು

ಗುಂಡ್ಲುಪೇಟೆಯಲ್ಲಿ ಟೆಂಟ್ ಹಾಕಿದಾಗ ಬಂಡೀಪುರದ ಕಾಡಂಚಿನ ಊರುಗಳಿಂದ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ರಾಗಿ ಕಾಯುವ ಕಾಲ ಅದು. ಆನೆ ಕಾಟಕ್ಕೆ ಅವರು ಸರಿಯಾಗಿ ಮಲಗಿ ಎಷ್ಟು ದಿನವಾಗಿತ್ತೋ. ಒಂದು ಆಟ ನೋಡಿ ದಣಿವಾರಿಸಿಕೊಳ್ಳೋಣ ಅಂತ ಬಂದು ಕೂತರು. ಆ ವಾರ ಮಾಲೀಕರು ತರಿಸಿದ್ದ ಕಾರ್ಟೂನು ಆನೆಯದು.

ತೆರೆಯ ಮೇಲೆ ಆ ಆನೆ ಸೊಂಡಿಲು ಆಡಿಸುತ್ತಾ ಒಂದು ಬಾಳೆತೋಟಕ್ಕೆ ನುಗ್ಗಿತು. ನೆಲದ ಮೇಲೆ ಕೂತು ತೂಕಡಿಸುತ್ತಿದ್ದವರು ಒಟ್ಟಿಗೆ ಎದ್ದರು. "ಓ... ಓ..." ಅಂತ ಕೂಗು. ಒಬ್ಬ ಸೋಡಾ ಮಾರುವವನ ತಗಡಿನ ತಟ್ಟೆ ಕಿತ್ತುಕೊಂಡು ಬಡಿಯತೊಡಗಿದ. ಕಾರ್ಟೂನಿನಲ್ಲಿ ಆ ಹೊತ್ತಿಗೆ ಆನೆ ಒಂದು ಜೇನುಗೂಡು ಕಂಡು ಹೆದರಿ ತಿರುಗಿ ಓಡಿತು. ಅದು ಬರೆದವನು ಬರೆದಿಟ್ಟ ಕಥೆ. ಇವರು ಉಸಿರು ಬಿಟ್ಟು ಕೂತರು.

ಮಾರನೆಯ ದಿನ ಅದೇ ಗುಂಪು ಗೇಟಿನಲ್ಲಿ ಟಿಕೆಟ್ ಕೊಳ್ಳದೆ ನಿಂತಿತು. ಮಾಲೀಕರು ಏನಯ್ಯಾ ಅಂದರು. ಗುಂಪಿನ ಹಿರಿಯ ಬಹಳ ಶಾಂತವಾಗಿ ಹೇಳಿದ: "ನಿನ್ನೆ ಆನೆ ಓಡುಸ್ದೋರು ನಾವೇಯ. ಇವತ್ತೂ ಬತ್ತದೆ ಅಂದ್ರಲ್ಲ, ಅದ್ಕೇ ಬಂದೊ. ಕೂಲಿ ಏನೂ ಬ್ಯಾಡ, ಒಳಿಕ್ ಬುಡಿ ಸಾಕು."

ಕುರ್ಚಿಯ ಪರಿಶೀಲನೆ

ಚಾಮರಾಜನಗರದಲ್ಲಿ ಒಬ್ಬ ದೊಡ್ಡ ಅಧಿಕಾರಿ ಇದ್ದರು. ಗೊಂಬೆ ಪಿಚ್ಚರಿನಿಂದ ಮಕ್ಕಳು ಕೆಡುತ್ತಾರೆ ಅಂತ ಯಾರೋ ಅವರ ಕಿವಿಗೆ ಹಾಕಿದ್ದರಂತೆ. ಪರಿಶೀಲಿಸಬೇಕು ಅಂತ ಬಂದರು. ಸಾಹೇಬರು ಕುರ್ಚಿಯಲ್ಲಿ, ಅವರ ಕಡೆಯ ಗುಮಾಸ್ತರೆಲ್ಲಾ ಹಿಂದಿನ ಸಾಲಿನಲ್ಲಿ ಕೂತರು. ತೆರೆಯ ಮೇಲೆ ಕರಡಿ ಏಣಿಯಿಂದ ಸುಣ್ಣದ ಬಾನಿಯೊಳಗೆ ಬಿತ್ತು. ಸಾಹೇಬರು ನಗಲಿಲ್ಲ. ಸಾಹೇಬರು ನಗದೆ ಗುಮಾಸ್ತರು ನಗುವ ಹಾಗಿಲ್ಲ. ಗುಮಾಸ್ತರು ಸುಮ್ಮನಿದ್ದದ್ದು ನೋಡಿ ನೆಲದ ಟಿಕೆಟ್ಟಿನವರೂ ಸುಮ್ಮನಾದರು. ಇಡೀ ಟೆಂಟು ಸೂತಕದ ಮನೆಯ ಹಾಗೆ ಕರಡಿಯನ್ನು ನೋಡಿತು. ಸಾಹೇಬರು ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು ಎದ್ದುಹೋದರು. ಟೆಂಟ್ ಮುಚ್ಚಿಸುತ್ತಾರೆ ಅಂತ ಮಾಲೀಕರಿಗೆ ಊಟ ಸೇರಲಿಲ್ಲ.

ಮಾರನೆಯ ದಿನ ಅವರಿಂದ ಅಪ್ಪಣೆ ಬಂತು: ಪರಿಶೀಲನೆ ಪೂರ್ಣವಾಗಿಲ್ಲ, ಆಟಕ್ಕೆ ಮುಂಚೆ ಆ ರೀಲನ್ನು ಇನ್ನೊಮ್ಮೆ ಹಾಕಬೇಕು. ಸಾಹೇಬರು ಒಬ್ಬರೇ ಬಂದರು. ಕರಡಿ ಏಣಿ ಹತ್ತಿತು. ಅದು ಬೀಳುವುದಕ್ಕೆ ಮುಂಚೆಯೇ ನಗುವಿನ ಒಂದು ದೊಡ್ಡ ಶಬ್ದ, ಅದರ ಹಿಂದೆಯೇ ಇನ್ನೊಂದು ಶಬ್ದ. ದೀಪ ಹಾಕಿಸಿ ನೋಡಿದರೆ ಸಾಹೇಬರು ನೆಲದ ಮರಳಿನ ಮೇಲೆ, ಕುರ್ಚಿ ಅವರ ಮೇಲೆ. ಅವರು ಎದ್ದು, ಕೋಟು ಕೊಡವಿ, ಟೋಪಿ ಇಟ್ಟುಕೊಂಡು, ಗಂಭೀರವಾಗಿ ಹೇಳಿದರು: "ಚಿತ್ರದಲ್ಲಿ ಆಕ್ಷೇಪಣೀಯವಾದದ್ದು ಏನೂ ಇಲ್ಲ. ಕುರ್ಚಿಯಲ್ಲಿದೆ."

ರೋಲರ್ ಕೆಳಗಿನ ನಾಯಿ

ಇನ್ನೊಂದು ರೀಲಿನಲ್ಲಿ ಒಂದು ನಾಯಿಯ ಮೇಲೆ ರಸ್ತೆ ರೋಲರ್ ಹರಿದು ಅದು ಹಪ್ಪಳದ ಹಾಗೆ ಚಪ್ಪಟೆಯಾಗುತ್ತಿತ್ತು. ಮರುಕ್ಷಣ ಮೈ ಕೊಡವಿ ಎದ್ದು ಓಡುತ್ತಿತ್ತು. ಅದನ್ನು ನೋಡಿದ ಒಬ್ಬ ಅಜ್ಜಿ ಮಾರನೆಯ ಬೆಳಿಗ್ಗೆ ಗಂಡನನ್ನು ಕೈಹಿಡಿದು ನಡೆಸಿಕೊಂಡು ಬೂತಿನ ಹತ್ತಿರ ಬಂದಳು. ಮುದುಕನ ಸೊಂಟ ಪೂರ್ತಿ ಬಾಗಿಹೋಗಿತ್ತು.

"ಆ ನಾಯಿಗೆ ಯಾವ ಔಸ್ತಿ ಕೊಟ್ರಪ್ಪಾ?" ಅಂತ ಕೇಳಿದಳು.

"ಅದು ನಿಜವಾದ ನಾಯಲ್ಲ ಅಜ್ಜಿ. ಕಾಗದದ ಮೇಲೆ ಬರೆದದ್ದು. ಬರೆದವನು ಹೇಗೆ ಬರೆದರೆ ಹಾಗೆ ಏಳುತ್ತದೆ."

ಇದನ್ನು ನಾನು ಎಷ್ಟು ಊರಲ್ಲಿ ಎಷ್ಟು ಜನಕ್ಕೆ ಹೇಳಿದ್ದೆನೋ. ಯಾರಿಗೂ ಇಷ್ಟು ಬೇಗ ಅರ್ಥವಾಗಿರಲಿಲ್ಲ. ಅಜ್ಜಿ ತಲೆಯಾಡಿಸಿದಳು.

"ಹಂಗಾರೆ ನಮ್ಮೆಜಮಾನ್ರನ್ನೂ ಒಂದ್ಸಲ ಬರದ್ಬುಡಾಕೆ ಅವನ್ಗೆ ಹೇಳಪ್ಪ. ಬೆನ್ನು ಒಂಚೂರು ನೆಟ್ಟಗ್ ಬರೀಲಿ."

ಅತ್ತೆಯ ಪಾರ್ಟು

ಗುಂಡ್ಲುಪೇಟೆಗೆ ಫಿಲಂ ಪೆಟ್ಟಿಗೆ ಮೈಸೂರಿನಿಂದ ಬಸ್ಸಿನ ಮೇಲೆ ಬರುತ್ತಿತ್ತು. ಒಂದು ಸಂಜೆ ಹೊಸ ಚಿತ್ರ, ಅತ್ತೆ ಕಾಟಕ್ಕೆ ಸಿಕ್ಕಿದ ಸೊಸೆಯ ಕಥೆ. ನೋಡಲೇಬೇಕಾದ ಚಿತ್ರ ಅಂತ ನಮ್ಮ ಪ್ರಚಾರದವನು ಎತ್ತಿನಗಾಡಿಯಲ್ಲಿ ಕೂತು, ತಗಡಿನ ತುತ್ತೂರಿ ಹಿಡಿದು, ಹಳ್ಳಿಹಳ್ಳಿಗೆ ಸಾರಿ ಬಂದಿದ್ದ. ಹೆಂಗಸರು ಅಡುಗೆ ಬೇಗ ಮುಗಿಸಿ ಬಂದು ಟೆಂಟು ತುಂಬಿದರು. ಆಗ ಸುದ್ದಿ ಬಂತು: ಬಸ್ಸು ಬೇಗೂರಿನಾಚೆ ಕೆಟ್ಟು ನಿಂತಿದೆ.

ಮಾಲೀಕರು ಮೊದಲು ಟೆಂಟಿನ ಹಗ್ಗಗಳ ಕಡೆ ನೋಡಿದರು. ಹಿಂದೊಂದೂರಲ್ಲಿ ಹೀಗೇ ಆದಾಗ ಜನ ಹಗ್ಗ ಕೊಯ್ದು ಟೆಂಟನ್ನು ನಮ್ಮ ತಲೆಯ ಮೇಲೇ ಬೀಳಿಸಿದ್ದರು. ಕೈಯಲ್ಲಿ ಇದ್ದದ್ದು ಒಂದೇ ಕಾರ್ಟೂನು. ಎರಡು ಕಪ್ಪೆ, ಒಂದು ಕೊಕ್ಕರೆ. ಮಾತಿಲ್ಲ, ಬರೀ ಸಂಗೀತ.

ಪ್ರಚಾರದವನು ಹಿಂದೆ ನಾಟಕದ ಕಂಪನಿಯಲ್ಲಿ ಇದ್ದವನು. "ಹಾಕಿ ರೀಲು, ನಾನ್ ನೋಡ್ಕೋತೀನಿ," ಅಂದು ತುತ್ತೂರಿ ಹಿಡಿದು ತೆರೆಯ ಪಕ್ಕ ಹೋಗಿ ನಿಂತ.

ರಿಬ್ಬನ್ ಕಟ್ಟಿದ ಕಪ್ಪೆ ಬಂತು. "ತಾಯಂದಿರೇ, ಇವಳೇ ನಮ್ಮ ಸೊಸೆ. ತವರಲ್ಲಿ ಒಬ್ಬಳೇ ಮಗಳು," ಅಂದ. ಇನ್ನೊಂದು ಕಪ್ಪೆ ಬಂತು. "ಗಂಡ. ಒಳ್ಳೆಯವನು, ಆದರೆ ಬಾಯಿಲ್ಲ." ಕೊಕ್ಕರೆ ಕತ್ತು ಚಾಚಿತು. ಅವನು ದನಿ ಇಳಿಸಿ, "ಅತ್ತೆ," ಅಂದ. ಅಷ್ಟೇ. ನೆಲದಲ್ಲಿ ಕೂತ ಹೆಂಗಸರೆಲ್ಲಾ ಸೆರಗು ಸರಿಮಾಡಿಕೊಂಡರು.

ಕೊಕ್ಕರೆ ಕಪ್ಪೆಯನ್ನು ಕೊಳದ ತುಂಬಾ ಅಟ್ಟಿಸಿಕೊಂಡು ಹೋಯಿತು. "ನೀರು ತಂದಿದ್ದು ಸಾಲದಂತೆ," ಅಂದ ಇವನು. ಯಾರೋ ಮೂಗು ಸೀಟಿದರು. ರೀಲು ಮುಗಿಯಿತು. ನಾನು ಸುತ್ತಿ ಮತ್ತೆ ಹಾಕಿದೆ. "ಈಗ ಅವಳ ತಂಗಿಯ ಸಂಸಾರ. ಪಾಪ, ಅವಳಿಗೂ ಅಂಥದೇ ಅತ್ತೆ," ಅಂದ. ಮೂರನೆಯ ಸಲ ಹಾಕಿದಾಗ ತಂಗಿಯ ಮಗಳೂ ಮದುವೆಯಾಗಿ ಅತ್ತೆಮನೆ ಸೇರಿದ್ದಳು. ಜನ ಅತ್ತು, ಕಣ್ಣೊರೆಸಿಕೊಂಡು, ಹಗ್ಗದ ತಂಟೆಗೆ ಹೋಗದೆ ಮನೆಗೆ ಹೋದರು.

ಮಾರನೆಯ ದಿನ ಪೆಟ್ಟಿಗೆ ಬಂತು. ಮಾಲೀಕರು ಪ್ರಾಮಾಣಿಕರು, ಹಿಂದಿನ ದಿನ ಬಂದವರನ್ನೆಲ್ಲಾ ಟಿಕೆಟ್ ಇಲ್ಲದೆ ಒಳಗೆ ಬಿಟ್ಟರು. ದೊಡ್ಡ ದೊಡ್ಡ ನಟನಟಿಯರು, ಹಾಡು, ಕಣ್ಣೀರು ಎಲ್ಲಾ ಇತ್ತು. ಆಟ ಬಿಟ್ಟಾಗ ಒಬ್ಬ ಹೆಂಗಸು ಬೂತಿನ ಮುಂದೆ ಹಾದುಹೋಗುತ್ತಾ ನಿಂತಳು. ಚಿತ್ರ ಹೇಗಿತ್ತಮ್ಮ ಅಂತ ನಾನೇ ಕೇಳಿದೆ.

"ಪರವಾಗಿಲ್ಲ ಕಣಪ್ಪ," ಅಂದಳು. "ಸೊಸೆ ಸುಮಾರಾಗ್ ಮಾಡವಳೆ. ಆದ್ರ ಅತ್ತೆ ಪಾರ್ಟು, ನಿನ್ನೆ ಕೊಕ್ಕರೆ ಮಾಡ್ದಂಗೆ ಇವತ್ತು ಈವಮ್ಮ ಮಾಡ್ನಿಲ್ಲ."