ಅಮ್ಮನ ಮಾವಿನ ಮರಕ್ಕೆ ಎಣ್ಣೆ ಹಚ್ಚಿದ್ದು

ಆರೈಕೆಯಷ್ಟು ಅಪಾಯದ ಕೆಲಸ ಇನ್ನೊಂದಿಲ್ಲವೆಂದು ಈಚೆಗೆ ನನಗೆ ಮನವರಿಕೆಯಾಗಿದೆ. ದ್ವೇಷಿಸುವವರಿಂದ ಓಡಿ ತಪ್ಪಿಸಿಕೊಳ್ಳಬಹುದು. ಆರೈಕೆ ಮಾಡುವವರಿಂದ ಆಗದು. ಅದರಲ್ಲೂ ಆರೈಕೆಗೆ ಸಿಕ್ಕಿದ್ದು ಮರವಾದರೆ ಓಡುವ ಮಾತೇ ಇಲ್ಲ.

ಗಡಿಯಾಚೆ, ಮಲಯಾಳದ ಸೀಮೆಗೆ ಸೇರಿದ ನಮ್ಮ ಮರಕ್ಕಡವು ಊರಿನ ಕಡೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹಿತ್ತಲಿನ ಮಾವಿನ ಮರ ಕಡಿದು ಅದರ ಸೌದೆಯಲ್ಲೇ ಸುಡುತ್ತಾರೆ. ಬೇರೆಯವರ ತಾಯಂದಿರು ಸೀರೆ ಆರಿಸಿದರೆ ನಮ್ಮಮ್ಮ ತನ್ನ ಸೌದೆಯನ್ನು ಆರಿಸಿಟ್ಟುಕೊಂಡವಳು. ಉಬ್ಬಸ ಜೋರಾದಾಗಲೆಲ್ಲ ಕಿಟಕಿಯಿಂದ ಆ ಮರವನ್ನು ನೋಡಿ, ‘ಹಸ್ರಾಗದೆ, ಇನ್ನೂ ಟೈಮದೆ ಕಣ್ಲಾ’ ಎನ್ನುತ್ತಿದ್ದಳು. ಅವಳ ಧೈರ್ಯವೆಲ್ಲ ಆ ಎಲೆಗಳಲ್ಲಿತ್ತು. ನಿಜ ಹೇಳಬೇಕೆಂದರೆ, ನನ್ನದೂ ಅಲ್ಲೇ ಇತ್ತು.

ಹಾಗಾಗಿ ಬುಡಕ್ಕೆ ಗೆದ್ದಲು ಹತ್ತಿದಾಗ ಕಂಗಾಲಾದೆ. ಜೀಪಿನ ವರ್ಕ್‌ಶಾಪಿನಿಂದ ಹಳೇ ಎಂಜಿನ್ ಆಯಿಲ್ ತಂದು ಹಚ್ಚಿದೆ. ಬುಡಕ್ಕೆ ಹಚ್ಚಿ ಸುಮ್ಮನಿರುವ ಜಾಯಮಾನ ನನ್ನದಲ್ಲ. ಏಣಿ ಹಾಕಿ ಕೊಂಬೆಗಳವರೆಗೂ ಬಳಿದೆ. ಮಳೆಗೆ ತೊಳೆದುಹೋದೀತೆಂದು ಮತ್ತೆ ಬಳಿದೆ. ‘ಮರಕ್ಕೂ ಅಭ್ಯಂಜನವಾ?’ ಎಂದು ಹೆಂಡತಿ ನಕ್ಕಳು. ಮಳೆಗಾಲ ಮುಗಿಯುವಷ್ಟರಲ್ಲಿ ಎಲೆಗಳು ಉದುರತೊಡಗಿದವು.

ಕೃಷಿ ಭವನದ ಮೇಡಂ ಬಂದು ಕಾಂಡ ಮುಟ್ಟಿ, ಕಪ್ಪಾದ ಬೆರಳನ್ನು ನನಗೇ ತೋರಿಸುತ್ತ ಮಲಯಾಳದಲ್ಲಿ ಪಾಠ ಮಾಡಿದರು. ಉಸಿರಾಡುವುದು ಎಲೆ ಮಾತ್ರವಲ್ಲವಂತೆ. ತೊಗಟೆಯ ಮೇಲೂ ಸಾಸಿವೆಯಷ್ಟು ಸಣ್ಣ ಉಬ್ಬುಗಳಿದ್ದು, ಒಳಗಿನ ಜೀವಕ್ಕೆ ಗಾಳಿ ಹೋಗಿ ಬರುವ ದಾರಿ ಅದಂತೆ. ‘ಎಲ್ಲಾನೂ ಮುಚ್ಚಿಬಿಟ್ರಲ್ಲ ಸಾರೇ!’ ಎಂದರು. ಗೆದ್ದಲು ತಿನ್ನುತ್ತಿದ್ದುದು ಹೊರಗಿನ ಒಣ ತೊಗಟೆಯನ್ನಷ್ಟೇ. ಉಸಿರು ಕಟ್ಟಿಸಿದವನು ನಾನು. ಸೋಪಿನ ನೀರು ಹಾಕಿ ಉಜ್ಜಿದೆ. ಮದುವೆಯ ಮುನ್ನಾದಿನ ನನ್ನನ್ನೂ ನಾನು ಅಷ್ಟು ಉಜ್ಜಿಕೊಂಡಿರಲಿಲ್ಲ. ಆದರೂ ಮರ ಚೇತರಿಸಿಕೊಳ್ಳಲಿಲ್ಲ.

ಅಮ್ಮನಿಗೆ ಕಾಣದಿರಲೆಂದು ಕಿಟಕಿಗೆ ಪರದೆ ಎಳೆದೆ. ಅವಳು ಅದನ್ನು ಸರಿಸಿ ಬೋಳು ಮರವನ್ನು ಬಹಳ ಹೊತ್ತು ನೋಡಿದಳು. ಹೆತ್ತ ತಾಯಿಗೆ ನಾನೇ ದಿನ ಗೊತ್ತು ಮಾಡಿಬಿಟ್ಟೆನಲ್ಲ ಎನ್ನಿಸಿ ನನಗೆ ಅಳು ಬಂತು.

‘ಅಳಬ್ಯಾಡ ಕಣ್ಲಾ,’ ಎಂದಳು ಏದುಸಿರು ಬಿಡುತ್ತ. ‘ಒಣಗಿದ್ದೇ ಒಳ್ಳೇದಾಯ್ತು. ಹಸಿ ಸೌದೆ ಬರೀ ಹೊಗೆ. ಹೊಗೆ ನಂಗೆ ಆಗಕಿಲ್ಲ.’ ಸ್ವಲ್ಪ ಸುಧಾರಿಸಿಕೊಂಡು, ‘ಆ ಮೂಲೇಲಿ ಇನ್ನೊಂದು ಗಿಡ ನೆಡು. ನಿಂಗೂ ಬೇಕಾಯ್ತದೆ’ ಎಂದಳು.

ನೆಟ್ಟಿದ್ದೇನೆ. ಚಿಗುರಿದೆ. ಆಡು, ಹಸು, ನಾನು, ಮೂವರೂ ಹತ್ತಿರ ಸುಳಿಯದಂತೆ ಹೆಂಡತಿ ಸುತ್ತಲೂ ಬೇಲಿ ಹಾಕಿಸಿದ್ದಾಳೆ.