ಕುಂಡದೊಳಗಿನ ಮಟ್ಟೆ

ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಗಿಡಮರದ ವಿಷಯದಲ್ಲಿ ಒಂದು ಸೊಕ್ಕಿರುತ್ತದೆ. ನನಗೆ ತುಸು ಜಾಸ್ತಿಯೇ ಇತ್ತು. ಹಂದನಕೆರೆ ಕಡೆಯ ತೋಟದ ಮನೆಯಿಂದ ಬಂದವನು, ಮೇಲಾಗಿ ತಿಪಟೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬೇರು ನೀರು ಹೀರುವ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಬಾಣದ ಗುರುತು ಹಾಕಿ, ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆ. ಇಂಥವನು ಒಂದು ಮಲ್ಲಿಗೆ ಗಿಡವನ್ನು ಕೊಲ್ಲಲು ಹೊರಟ ಕಥೆ ಇದು. ಗಿಡ ನನ್ನದಾಗಿದ್ದರೆ ಯಾರಿಗೂ ಹೇಳದೆ ತಿಪ್ಪೆಗೆ ಎಸೆದು ಕೈತೊಳೆದುಕೊಳ್ಳುತ್ತಿದ್ದೆ. ಅದು ನನ್ನ ಹೆಂಡತಿ ಸರೋಜಳದು. ಅವಳ ತಾಯಿ ತೀರಿಹೋದ ಮೇಲೆ, ತುರುವೇಕೆರೆ ಕಡೆಯ ತವರಿನ ಬಚ್ಚಲ ಹಿಂದಿನಿಂದ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಬಚ್ಚಲು ಕೆಡವಿ ಹೊಸದು ಕಟ್ಟಿಸುವಾಗ ಅಲ್ಲಿದ್ದ ತಾಯಿಗಿಡವೂ ಹೋಯಿತು. ಉಳಿದದ್ದು ಇದೊಂದೇ.

ನಮ್ಮದು ಬಾಡಿಗೆ ಮನೆ. ನೆಲವೆಲ್ಲ ಸಿಮೆಂಟು, ಗಿಡಕ್ಕೆ ತಾರಸಿಯ ಮೇಲಿನ ಕುಂಡವೇ ಗತಿ. ಕುಂಡದ ತಳದ ತೂತಿಗೆ ಮಣ್ಣು ಕಟ್ಟಿಕೊಂಡು ನೀರು ನಿಲ್ಲಬಾರದೆಂದು ಸರೋಜ ಒಡೆದ ಹೆಂಚು, ಕಿವಿ ಮುರಿದ ಕಪ್ಪು ಎಲ್ಲವನ್ನೂ ಹಳೆಯ ಬಕೆಟ್ಟಿನಲ್ಲಿ ಕೂಡಿಟ್ಟಿದ್ದಳು. ಕಪ್ಪುಗಳಲ್ಲಿ ಹೆಚ್ಚಿನವನ್ನು ಒಡೆದವನು ನಾನೇ ಆದ್ದರಿಂದ ತೋಟಗಾರಿಕೆಗೆ ನನ್ನ ಸೇವೆ ಆಗಲೇ ಸಾಕಷ್ಟು ಸಂದಿತ್ತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಗಿಡವನ್ನು ದೊಡ್ಡ ಕುಂಡಕ್ಕೆ ಬದಲಾಯಿಸುವ ದಿನ ನಾನು ಆ ಬಕೆಟ್ಟನ್ನು ಕಾಲಿನಿಂದ ಸರಿಸಿ, ನೀರೊಲೆಯ ಪಕ್ಕ ಒಟ್ಟಿದ್ದ ಕಾಯಿ ಸುಲಿದ ಮಟ್ಟೆಗಳನ್ನು ಹೊತ್ತು ತಂದೆ.

“ಹೆಂಚೇ ಸಾಕು ಕಣ್ರೀ. ನಮ್ಮಮ್ಮ ಅದನ್ನೇ ಹಾಕ್ತಿದ್ದಿದ್ದು” ಎಂದಳು.

“ನಿಮ್ಮಮ್ಮ ಸೈನ್ಸ್ ಓದಿದ್ರಾ? ನಾರು ಅಂದ್ರೆ ಸೋಸೋ ಬಟ್ಟೆ ಇದ್ದಂಗೆ. ನೀರು ಸರಾಗ ಇಳಿದುಹೋಗುತ್ತೆ” ಎಂದೆ. ತೀರಿಹೋದ ಅತ್ತೆಯ ಜೊತೆ ಪೈಪೋಟಿಗೆ ಇಳಿದ ಅಳಿಯ ನಾನೊಬ್ಬನೇ ಇರಬೇಕು. ಮೂರು ಪದರ ಮಟ್ಟೆಯನ್ನು ಒತ್ತೊತ್ತಾಗಿ ತುಂಬಿದೆ.

ಹದಿನೈದು ದಿನಕ್ಕೆ ಎಲೆ ಹಳದಿಯಾಯಿತು. ಬಾಯಾರಿರಬೇಕೆಂದು ಇನ್ನೊಂದು ಚೊಂಬು ನೀರು ಹಾಕಿದೆ. ಎಲೆ ಉದುರತೊಡಗಿತು. ಸಂಜೆಗೂ ಒಂದು ಚೊಂಬು ಶುರುಮಾಡಿದೆ. ಕುಂಡದಿಂದ ನಾತ ಬಂದಾಗ ಪಕ್ಕದ ಮನೆಯ ಬೆಕ್ಕಿನ ಮೇಲೆ ಹೇಳಿದೆ. ಸರೋಜ ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೆಳಿಗ್ಗೆ ಒಬ್ಬಳೇ ತಾರಸಿಗೆ ಹೋಗಿ, ಕಣ್ಣು ಕೆಂಪಗೆ ಮಾಡಿಕೊಂಡು ಇಳಿದು ಬರುತ್ತಿದ್ದಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಕೊನೆಗೊಂದು ದಿನ ಅವಳೇ ಎಸ್.ಟಿ.ಡಿ. ಬೂತಿಗೆ ಹೋಗಿ, ಊರಿಗೆ ಫೋನು ಮಾಡಿ, ಅಪ್ಪನನ್ನು ಕರೆಸಿದಳು.

ಮಾವ ಬಂದವರೇ ಕುಂಡ ಮಗುಚಿದರು. ಒಂದು ಮಟ್ಟೆ ಎಳೆದು ಹಿಂಡಿದರು. ಧಾರಾಕಾರ ನೀರು.

“ಅಳಿಯಂದ್ರೇ, ಇದ್ಯಾರು ಹಾಕಿದ್ದು?”

“ನೀರು ಇಳಿದುಹೋಗ್ಲಿ ಅಂತ ನಾನೇ…”

“ಬ್ಯಾಸ್ಗೇಲಿ ನೀರು ಇಳಿದೋಗ್ದೆ ಇರ್ಲಿ ಅಂತ ಕಣ್ರೀ ತೆಂಗಿನ ಬುಡಕ್ಕೆ ಮಟ್ಟೆ ಹೂಳೋದು. ನಿಮ್ ತೋಟ್ದಲ್ಲಿ ಹೂಳಲ್ವಾ?”

ಹೂಳುತ್ತಾರೆ. ಎಸ್ಸೆಲ್ಸಿವರೆಗೂ ಗುಂಡಿಗಿಳಿದು ಸಾಲಾಗಿ ಮಟ್ಟೆ ಜೋಡಿಸುತ್ತಿದ್ದವನು ನಾನೇ. ಬಿ.ಎಸ್ಸಿ. ಮುಗಿಸುವ ಹೊತ್ತಿಗೆ ಅದು ಹೇಗೆ ತಲೆಯಿಂದ ಸೋರಿಹೋಯಿತೋ ಗೊತ್ತಿಲ್ಲ.

ಮಾವ ಮಗಳ ಕಡೆ ತಿರುಗಿ, “ಬುಡವ್ವ, ಅವ್ರದೇನೂ ತಪ್ಪಿಲ್ಲ. ತೋಟದೋರ ಮನೆ ಹುಡ್ಗ ಅಂತ ಹೆಣ್ಣು ಕೊಟ್ಟೋನು ನಾನು” ಎಂದರು.

ಕೊಳೆಯದೆ ಉಳಿದಿದ್ದ ಒಂದೇ ಹಸಿರು ಕಡ್ಡಿಯನ್ನು ಕತ್ತರಿಸಿ, ಹೆಂಚಿನ ಚೂರಿನ ಮೇಲೆ ಮಣ್ಣು ತುಂಬಿ ನೆಟ್ಟು ಹೋದರು. ತಿಂಗಳ ಮೇಲೆ ಅದು ಚಿಗುರಿತು. ಸರೋಜ ಕೂಗಿ ಕರೆದು ತೋರಿಸಿದಾಗ ಎದೆಯ ಮೇಲಿನ ಭಾರ ಇಳಿಯಿತು. ಆ ಸಂತೋಷದಲ್ಲಿ, “ಇದಕ್ಕೆ ನಾನೂ ಏನಾದ್ರೂ ಮಾಡ್ಲಾ?” ಎಂದು ಕೇಳಿದೆ.

“ಸ್ವಲ್ಪ ದೂರ ನಿಂತ್ಕೊಳ್ಳಿ” ಎಂದಳು.

ನಿಂತುಕೊಂಡೆ. ಗಿಡ ಮೈತುಂಬ ಹೂ ಬಿಡುತ್ತಿದೆ.